ಚಮಚದ ಬೆನ್ನಿನ 90 ಏನು ಹೇಳುತ್ತದೆ?

ಪ್ರಶ್ನೆ: ಹಳೆ ಸಾಮಾನಿನ ಅಂಗಡಿಯಲ್ಲಿ ಜರ್ಮನಿಯ ಚಮಚ, ಫೋರ್ಕುಗಳು ಸಿಕ್ಕಿವೆ. ಹಿಂಬದಿಯಲ್ಲಿ 90 ಎಂಬ ಮುದ್ರೆಯಿದೆ. ಶೇ. 90 ಬೆಳ್ಳಿ ಎಂದು ಅಂಗಡಿಯವರ ಮಾತು. ನಂಬಬಹುದೇ?
– ಓದುಗರೊಬ್ಬರು, ಉಲ್ಹಾಸನಗರ

ಉತ್ತರ: ನಂಬಬೇಡಿ. ಅಲ್ಲಿನ 90 ಶುದ್ಧತೆಯ ಅಳತೆಯಲ್ಲ. ಹನ್ನೆರಡು ದೊಡ್ಡ ಚಮಚ, ಹನ್ನೆರಡು ಫೋರ್ಕುಗಳ ಮೇಲೆ ಒಟ್ಟು 90 ಗ್ರಾಂ ಬೆಳ್ಳಿಯ ಲೇಪವಿದೆ ಎಂದಷ್ಟೇ ಅದರ ಅರ್ಥ. ಒಳಗಿರುವುದು ಸಾಮಾನ್ಯವಾಗಿ ತಾಮ್ರ, ಸತು, ನಿಕಲ್ ಬೆರೆಸಿದ ಲೋಹ. ನಮ್ಮಲ್ಲಿ ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆ ಕೊಡುವ ಜರ್ಮನ್ ಸಿಲ್ವರ್ ಕುಂಕುಮದ ಬಟ್ಟಲುಗಳದ್ದೂ ಇದೇ ಜಾತಿ. 1823ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಗೈಟ್ನರ್ ಎಂಬವರು ಈ ಮಿಶ್ರಲೋಹವನ್ನು ತಯಾರಿಸಿದರು; ಚೀನಾದ ಪಾಕ್‌ತಾಂಗ್ ಎಂಬ ಇಂಥದೇ ಮಿಶ್ರಲೋಹ ಇದಕ್ಕೂ ಹಳೆಯದು.

ನಿಜವಾದ ಜರ್ಮನ್ ಬೆಳ್ಳಿಗೆ ಗುರುತೇ ಬೇರೆ. 1888ರಿಂದ ಅಲ್ಲಿ ಅರ್ಧಚಂದ್ರ, ಕಿರೀಟದ ಮುದ್ರೆಯ ಜೊತೆಗೆ 800 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ಇರುತ್ತದೆ. 800 ಎಂದರೆ ಸಾವಿರಕ್ಕೆ ಎಂಟುನೂರು ಪಾಲು ಬೆಳ್ಳಿ.

ಲೇಪವೋ ಬೆಳ್ಳಿಯೋ ಎಂದು ತಿಳಿಯಲು ಚಮಚವನ್ನು ಬೋರಲು ಹಾಕಿ, ಮೇಜಿಗೆ ತಾಗುವ ಉಬ್ಬನ್ನು ಗಮನಿಸಿ. ಲೇಪ ಮೊದಲು ಸವೆಯುವುದು ಅಲ್ಲೇ. ಆಗ ಒಳಗಿನ ಲೋಹದ ಹಳದಿ ಛಾಯೆ ಇಣುಕುತ್ತದೆ. ಆಯಸ್ಕಾಂತದಿಂದ ಪ್ರಯೋಜನವಿಲ್ಲ, ಈ ಮಿಶ್ರಲೋಹವೂ ಸಾಮಾನ್ಯವಾಗಿ ಅದಕ್ಕೆ ಅಂಟುವುದಿಲ್ಲ. ಅನುಮಾನ ಉಳಿದರೆ ಅಕ್ಕಸಾಲಿಗರಿಗೆ ತೋರಿಸಿ.

ಸಂಗ್ರಹಕ್ಕೆ ಲೇಪದ ಚಮಚವೂ ಯೋಗ್ಯವೇ, ಆದರೆ ಬೆಳ್ಳಿಯ ತೂಕದ ಲೆಕ್ಕದಲ್ಲಿ ಹಣ ಕೊಡಬೇಡಿ. ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ: ಲೇಪ ಹೋದ ಕಡೆ ಹುಳಿ ತಾಗಿದರೆ ಹಸಿರು ಕಿಲುಬು ಕಟ್ಟುತ್ತದೆ.