ಕಿವಿಯೊಳಗಿನ ಇಯರ್‌ಫೋನ್: ಬೆಲೆಗಿಂತ ಬಿರಡೆ ಮುಖ್ಯ

ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಕೊಪ್ಪಳಕ್ಕೆ ಬೆಳಗಿನ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳನ್ನೂ ನೌಕರರನ್ನೂ ಒಮ್ಮೆ ಗಮನಿಸಿ. ಬಹಳ ಮಂದಿಯ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಕೆಲವರದು ನೂರಿನ್ನೂರು ರೂಪಾಯಿಯದು, ಕೆಲವರದು ಹಲವು ಸಾವಿರದ್ದು. ಸಂಗೀತಪ್ರಿಯರಿಗೆಂದೇ ತಯಾರಾಗುವ, ಒಂದು ಲಕ್ಷ ರೂಪಾಯಿ ದಾಟುವ 'ಇನ್-ಇಯರ್' ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಅಷ್ಟು ಹಣ ತೆತ್ತವರಿಗೆ ನಿಜವಾಗಿ ದೊರೆಯುವುದೇನು? ಭೌತವಿಜ್ಞಾನ ಕೊಡುವ ಉತ್ತರ ಜಾಹೀರಾತಿನ ಉತ್ತರಕ್ಕಿಂತ ಬೇರೆ. ಇಯರ್‌ಫೋನಿನ ತುದಿಯಲ್ಲಿರುವ, ಕೆಲವೇ ರೂಪಾಯಿ ಬೆಲೆಯ ರಬ್ಬರ್ ಬಿರಡೆಯ ಮೇಲೆ ಧ್ವನಿಯ ಗುಣಮಟ್ಟವೂ ನಿಮ್ಮ ಶ್ರವಣಶಕ್ತಿಯ ಆರೋಗ್ಯವೂ ಬಹುಮಟ್ಟಿಗೆ ನಿಂತಿವೆ. ಇದು ಹೇಗೆಂದು ನೋಡೋಣ.

ಎರಡು ಘನ ಸೆಂಟಿಮೀಟರಿನ ಕೋಣೆ

ಮನೆಯ ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲುಗಿಸಬೇಕು. ಮಂದ್ರ ಸ್ವರಗಳಿಗೆ ಅದರ ಪೊರೆ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಚಲಿಸುವುದುಂಟು. ಇನ್-ಇಯರ್ ಇಯರ್‌ಫೋನಿನ ಪರಿಸ್ಥಿತಿ ಬೇರೆ. ಅದು ಕರ್ಣನಾಳದ ಬಾಯಿಯನ್ನು ಮುಚ್ಚಿ ಕೂರುತ್ತದೆ. ಅದಕ್ಕೂ ಕಿವಿತಮಟೆಗೂ ನಡುವೆ ಉಳಿಯುವುದು ಒಂದು ಪುಟ್ಟ ಕೋಣೆ. ಕಿವಿತಮಟೆ ತುಸು ಬಾಗಿ ಕೊಡುವುದನ್ನೂ ಲೆಕ್ಕಕ್ಕೆ ಹಿಡಿದರೆ, ಈ ಕೋಣೆಯ ಗಾತ್ರ ಸುಮಾರು 2 ಘನ ಸೆಂಟಿಮೀಟರ್.

ಇಷ್ಟು ಚಿಕ್ಕ, ಮುಚ್ಚಿದ ಕೋಣೆಯಲ್ಲಿ ಒತ್ತಡ ಹುಟ್ಟಿಸುವುದು ಸುಲಭ. ಒಂದು ಲೆಕ್ಕ ಮಾಡಿ. 90 ಡೆಸಿಬೆಲ್ ಎಂದರೆ ಗಟ್ಟಿಯಾದ ಸದ್ದು. ಅದರ ಒತ್ತಡದ ಏರಿಳಿತ ಸುಮಾರು 0.63 ಪಾಸ್ಕಲ್. ವಾಯುಮಂಡಲದ ಒತ್ತಡವಾದರೋ ಒಂದು ಲಕ್ಷ ಪಾಸ್ಕಲ್. ಆದ್ದರಿಂದ ಆ ಕೋಣೆಯ ಗಾಳಿಯ ಗಾತ್ರವನ್ನು ಹತ್ತು ಲಕ್ಷದಲ್ಲಿ ನಾಲ್ಕೈದು ಭಾಗದಷ್ಟು ಕುಗ್ಗಿಸಿದರೆ ಸಾಕು. 10 ಮಿಲಿಮೀಟರ್ ವ್ಯಾಸದ ಪೊರೆ ಇದಕ್ಕಾಗಿ ಸರಿಯಬೇಕಾದ ದೂರ ಸುಮಾರು 0.1 ಮೈಕ್ರೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಐನೂರರಲ್ಲಿ ಒಂದು ಪಾಲಿನಷ್ಟು!

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ಇಯರ್‌ಫೋನಿನ ಡಬ್ಬಿಯ ಮೇಲೆ 'ಒಂದು ಮಿಲಿವಾಟ್‌ಗೆ 105 ಡೆಸಿಬೆಲ್' ಎಂದು ಬರೆದಿದೆ ಎನ್ನಿ. ಪ್ರತಿ 10 ಡೆಸಿಬೆಲ್ ಇಳಿಕೆಗೂ ಬೇಕಾದ ಸಾಮರ್ಥ್ಯ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 75 ಡೆಸಿಬೆಲ್ ಮಟ್ಟದಲ್ಲಿ ಸಂಗೀತ ಕೇಳಲು ಅದಕ್ಕೆ ಬೇಕಾದದ್ದು ಒಂದು ಮಿಲಿವಾಟ್‌ನ ಸಾವಿರದಲ್ಲೊಂದು ಪಾಲು ಮಾತ್ರ. ಇಂಥ ಇಯರ್‌ಫೋನಿಗೆ ದುಬಾರಿ ಆಂಪ್ಲಿಫೈಯರ್ ಜೋಡಿಸಿ ಸಾಮರ್ಥ್ಯ ಹೆಚ್ಚಿಸುವ ಅಗತ್ಯವಿಲ್ಲ.

ಬಿರಡೆ ಸೋರಿದರೆ

ಮೇಲಿನ ಲೆಕ್ಕಗಳೆಲ್ಲ ಕೋಣೆ ಪೂರ್ತಿ ಮುಚ್ಚಿದೆ ಎಂಬ ಷರತ್ತಿನ ಮೇಲೆ ನಿಂತಿವೆ. ಬಿರಡೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಚಿತ್ರ ಬದಲಾಗುತ್ತದೆ. ವಾಷರ್ ಸವೆದ ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಮೆಲ್ಲನೆ ಒತ್ತಿದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ಒತ್ತಡ ಏರುವುದಿಲ್ಲ. ಥಟ್ಟನೆ ಒತ್ತಿದರೆ ಸೋರಲು ಪುರಸೊತ್ತಿಲ್ಲ, ಒತ್ತಡ ಏರುತ್ತದೆ. ಧ್ವನಿಯೂ ಹಾಗೆಯೇ. 3000 ಹರ್ಟ್ಸ್‌ನ ತಾರ ಧ್ವನಿ ಸೆಕೆಂಡಿಗೆ ಮೂರು ಸಾವಿರ ಸಲ ಒತ್ತಿ ಬಿಡುವುದರಿಂದ ಸಂದಿ ಅದಕ್ಕೆ ಲೆಕ್ಕಕ್ಕಿಲ್ಲ. 60 ಹರ್ಟ್ಸ್‌ನ ಮಂದ್ರ ಧ್ವನಿ ಮಾತ್ರ ಸಂದಿಯಿಂದ ಹೊರಗೆ ಹರಿದುಹೋಗುತ್ತದೆ. 'ಈ ಇಯರ್‌ಫೋನಿನಲ್ಲಿ ಬೇಸ್ ಇಲ್ಲ' ಎಂದು ದೂರುವವರ ಸಮಸ್ಯೆ ಅನೇಕ ಸಲ ಉಪಕರಣದ್ದಲ್ಲ, ತಪ್ಪು ಅಳತೆಯ ಬಿರಡೆಯದು.

ಇದನ್ನು ನೀವೇ ಪರೀಕ್ಷಿಸಬಹುದು. ನೆರೆಯ ಗದಗದಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರ ಯಾವುದಾದರೂ ಖಯಾಲಿನ ಧ್ವನಿಮುದ್ರಣ ಹಚ್ಚಿ, ಹಿನ್ನೆಲೆಯ ತಂಬೂರಿಯನ್ನು ಆಲಿಸಿ. ಗಂಡುದನಿಯ ತಂಬೂರಿಯಲ್ಲಿ ಖರ್ಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಈಗ ಬಿರಡೆಯನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೊತ್ತಿ. ಖರ್ಜ ಏಕಾಏಕಿ ತುಂಬಿಕೊಂಡರೆ, ಅಲ್ಲಿಯವರೆಗೆ ಸೋರಿಕೆ ಇತ್ತೆಂದೇ ಅರ್ಥ. ಸೋರಿಕೆ ಇದ್ದಾಗಲೂ ಖರ್ಜದ ಸ್ವರಸ್ಥಾನ ತಪ್ಪಿದಂತೆ ಕೇಳದು, ಬರೀ ತೆಳುವಾಗಿ ಕೇಳುತ್ತದೆ. ಏಕೆಂದರೆ 70ರ ಜೊತೆಗೆ 140, 210, 280 ಹರ್ಟ್ಸ್‌ಗಳ ಉಪಸ್ವರಗಳೂ ಹೊಮ್ಮುತ್ತಿರುತ್ತವೆ. ಅವುಗಳ ನಡುವಿನ ಸಮ ಅಂತರದಿಂದ ಮಿದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ತಂಬೂರಿಯ ಬಾಗಿದ ಕುದುರೆ ಇಂಥ ಉಪಸ್ವರಗಳನ್ನು ಹೇಗೆ ಸಮೃದ್ಧವಾಗಿ ಹುಟ್ಟಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ 1921ರಲ್ಲಿಯೇ ವಿವರಿಸಿದ್ದರು. ಆದ್ದರಿಂದ ಮಂದ್ರ, ತಾರ ಎರಡೂ ತುದಿಗಳ ಪರೀಕ್ಷೆಗೆ ತಂಬೂರಿ ಒಳ್ಳೆಯ ಒರೆಗಲ್ಲು.

ಕರ್ಣನಾಳವೆಂಬ ಕೊಳವೆ

ಬಿರಡೆ ಇನ್ನೊಂದು ಬದಲಾವಣೆಯನ್ನೂ ತರುತ್ತದೆ. ನಮ್ಮ ಕರ್ಣನಾಳ ಸುಮಾರು 25 ಮಿಲಿಮೀಟರ್ ಉದ್ದದ ಕೊಳವೆ. ಒಂದು ತುದಿ ತೆರೆದಿದೆ, ಇನ್ನೊಂದು ತುದಿಯಲ್ಲಿ ಕಿವಿತಮಟೆ ಇದೆ. ಇಂಥ ಕೊಳವೆ ತನ್ನ ಉದ್ದದ ನಾಲ್ಕು ಪಟ್ಟು ತರಂಗದೂರವುಳ್ಳ ಧ್ವನಿಗೆ ಅನುರಣಿಸುತ್ತದೆ ಎಂದು ಪಿ.ಯು.ಸಿ. ತರಗತಿಯಲ್ಲಿ ಓದಿರುತ್ತೀರಿ. ಧ್ವನಿವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಉತ್ತರ ಸುಮಾರು 3400 ಹರ್ಟ್ಸ್. ಅಂದರೆ 3000 ಹರ್ಟ್ಸ್‌ನ ಆಸುಪಾಸಿನ ಧ್ವನಿಯನ್ನು ಕಿವಿ ತಾನಾಗಿಯೇ 10ರಿಂದ 15 ಡೆಸಿಬೆಲ್‌ನಷ್ಟು ಎತ್ತಿಕೊಡುತ್ತದೆ. ಹುಟ್ಟಿನಿಂದ ಹೀಗೆಯೇ ಕೇಳಿ ರೂಢಿಯಾದ್ದರಿಂದ ಅದು ನಮಗೆ 'ಸಹಜ' ಧ್ವನಿ.

ತೆರೆದ ತುದಿಯನ್ನು ಮುಚ್ಚಿದೊಡನೆ ಈ ಅನುರಣನೆ ಹೋಗುತ್ತದೆ. ಎರಡೂ ತುದಿ ಮುಚ್ಚಿದ, ಉದ್ದವೂ ತುಸು ಕುಗ್ಗಿದ ಕೊಳವೆ 8000 ಹರ್ಟ್ಸ್‌ನ ಸುಮಾರಿಗೆ ಅನುರಣಿಸತೊಡಗುತ್ತದೆ. ಕಳೆದುಹೋದ 3000ದ ಏರಿಕೆಯನ್ನು ಇಯರ್‌ಫೋನೇ ತುಂಬಿಕೊಡಬೇಕು. ಅನಗತ್ಯವಾದ 8000ದ ಏರಿಕೆಯನ್ನು ಅಡಗಿಸಬೇಕು. ಒಳ್ಳೆಯ ಇನ್-ಇಯರ್‌ನ ವಿನ್ಯಾಸಕಾರನ ಜಾಣ್ಮೆ ಇರುವುದು ಇಲ್ಲಿ. ಇದಕ್ಕಾಗಿ ಕರ್ಣನಾಳ ಮತ್ತು ಕಿವಿತಮಟೆಗಳನ್ನು ಅನುಕರಿಸುವ ಲೋಹದ 'ಕೃತಕ ಕಿವಿ'ಗಳನ್ನು ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ.

ಒಳಗಿನ ಯಂತ್ರ

ಇನ್-ಇಯರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಡೈನಮಿಕ್: ಕಾಂತಕ್ಷೇತ್ರದಲ್ಲಿ ತಂತಿಸುರುಳಿ, ಅದಕ್ಕಂಟಿದ ಪೊರೆ. ಇದು ಸ್ಪೀಕರಿನ ಚಿಕ್ಕ ರೂಪ. ಇನ್ನೊಂದು, ಬ್ಯಾಲೆನ್ಸ್‌ಡ್ ಆರ್ಮೇಚರ್: ಎರಡು ಕಾಂತಗಳ ನಡುವೆ ಸಮತೋಲದಲ್ಲಿ ನಿಂತ ಕಬ್ಬಿಣದ ಮಿಶ್ರಲೋಹದ ನಾಲಗೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ನಾಲಗೆ ಅತ್ತಿತ್ತ ವಾಲಿ ಪೊರೆಯನ್ನು ಅಲುಗಿಸುತ್ತದೆ. ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ 1910ರಲ್ಲಿ ಅಲ್ಲಿನ ನೌಕಾಪಡೆಗೆ ಕೊಟ್ಟ ಹೆಡ್‌ಫೋನಿನಲ್ಲಿ ಈ ತತ್ತ್ವವೇ ಇತ್ತು. ಮುಂದೆ ಶ್ರವಣ ಸಾಧನಗಳಲ್ಲಿ ಅದು ಅಕ್ಕಿಕಾಳಿಗಿಂತ ತುಸು ದೊಡ್ಡ ಗಾತ್ರಕ್ಕೆ ಇಳಿಯಿತು. 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಸಂಸ್ಥೆ ಕಟ್ಟಿದ ಮೀಡ್ ಕಿಲಿಯನ್ ಇದನ್ನು ಸಂಗೀತಕ್ಕೆ ಹೊಂದಿಸಿದರು. 1991ರಲ್ಲಿ ಬಂದ ಅವರ 'ಇಆರ್-4' ಇಂದಿನ ಇನ್-ಇಯರ್‌ಗಳ ಹಿರಿಯಣ್ಣ. ಅಂದರೆ ಸಂಗೀತಪ್ರಿಯರ ದುಬಾರಿ ಸಾಧನಕ್ಕೆ ತವರು ಕಿವುಡರ ಸಾಧನ.

ಈಗ ಒಂದೊಂದು ಕಿವಿಗೆ ಐದು, ಹತ್ತು ಆರ್ಮೇಚರ್ ತುಂಬಿದ ಮಾದರಿಗಳಿವೆ. ಆದರೆ ಸಂಖ್ಯೆ ಹೆಚ್ಚಿದಷ್ಟೂ ಗುಣ ಹೆಚ್ಚುತ್ತದೆ ಎನ್ನಲಾಗದು. ಮಂದ್ರ, ಮಧ್ಯ, ತಾರ ಭಾಗಗಳನ್ನು ಹಂಚಿ ಮತ್ತೆ ಕೂಡಿಸುವಲ್ಲಿ ಅಲೆಗಳ ಹಂತ ತಪ್ಪಿದರೆ ಅವು ಒಂದನ್ನೊಂದು ಅಳಿಸುತ್ತವೆ. ಜೊತೆಗೆ, ಇಂಥ ಮಾದರಿಗಳ ಪ್ರತಿಬಾಧೆ ಆವೃತ್ತಿಯೊಡನೆ ಬಹಳ ಏರಿಳಿಯುವುದರಿಂದ ಒಂದೇ ಇಯರ್‌ಫೋನ್ ಬೇರೆ ಬೇರೆ ಫೋನಿನಲ್ಲಿ ಬೇರೆ ಬೇರೆಯಾಗಿ ನುಡಿಯಬಹುದು.

ಬೆಲೆಯ ಮಾತಿಗೆ ಬರೋಣ. 2017ರಲ್ಲಿ ಜೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ ನೋಡಿದರು. ಇವುಗಳಲ್ಲಿ ಇನ್-ಇಯರ್‌ಗಳೂ ಇದ್ದವು. ಆವೃತ್ತಿಗೆ ತಕ್ಕಂತೆ ಧ್ವನಿಮಟ್ಟ ಹೇಗೆ ಬದಲಾಗುತ್ತದೆ ಎಂಬ ರೇಖೆಗೂ ಮಾರಾಟದ ಬೆಲೆಗೂ ಅವರಿಗೆ ಸಂಬಂಧ ಕಾಣಲಿಲ್ಲ. ಬೆಲೆ ಹೆಚ್ಚಿದಂತೆ ಕಟ್ಟೋಣ, ಸಾಮಗ್ರಿ, ಬಾಳಿಕೆಗಳು ಉತ್ತಮವಾಗಬಹುದು. ಧ್ವನಿಯ ಸಮತೋಲನವೂ ಉತ್ತಮವಾಗಿಯೇ ತೀರುತ್ತದೆಂಬ ಭರವಸೆ ಇಲ್ಲ.

ಕಿವಿಯ ಜಮಾಖರ್ಚು

ಹಾಗಾದರೆ ಒಳ್ಳೆಯ ಇನ್-ಇಯರ್‌ನಿಂದ ಖಚಿತವಾಗಿ ದೊರೆಯುವ ಲಾಭ ಯಾವುದು? ಹೊರಗಿನ ಸದ್ದನ್ನು ತಡೆಯುವುದು. ಸರಿಯಾಗಿ ಕೂತ ಬಿರಡೆ ಸುಮಾರು 20 ಡೆಸಿಬೆಲ್ ತಡೆಯಬಲ್ಲುದು. ಆಳಕ್ಕೆ ಇಳಿಯುವ ಮೂರು ಪದರದ ಬಿರಡೆಗಳು 30ಕ್ಕೂ ಹೆಚ್ಚು. ಇದರ ಬೆಲೆ ಏನೆಂದು ತಿಳಿಯಲು ಮತ್ತೊಂದು ಲೆಕ್ಕ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ತಾಸು ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಧ್ವನಿಶಕ್ತಿ ಇಮ್ಮಡಿಯಾಗುವುದರಿಂದ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ತಾಸು; 95 ಆದರೆ ಒಂದೂಕಾಲು ತಾಸು; 100 ಆದರೆ 20 ನಿಮಿಷ.

ಬಸ್ಸಿನೊಳಗಿನ ಗದ್ದಲ 80 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಕಿವಿಯನ್ನು ಮುಚ್ಚದ ಸಾದಾ ಇಯರ್‌ಫೋನಿನವರು ಹಾಡು ಸ್ಪಷ್ಟವಾಗಲೆಂದು ಅದನ್ನು ಗದ್ದಲಕ್ಕಿಂತ 10 ಡೆಸಿಬೆಲ್ ಮೇಲಕ್ಕೆ, ಅಂದರೆ 90ಕ್ಕೆ ಏರಿಸುತ್ತಾರೆ. ಹೋಗಿ ಬರುವುದಕ್ಕೆ ದಿನಕ್ಕೆ 2 ತಾಸು, ವಾರಕ್ಕೆ ಆರು ದಿನ: ಒಟ್ಟು 12 ತಾಸು. ಇರಬೇಕಾದದ್ದು 4. ಮೂರು ಪಟ್ಟು ಖರ್ಚು! ಅದೇ ಬಸ್ಸಿನಲ್ಲಿ ಚೆನ್ನಾಗಿ ಕೂತ ಇನ್-ಇಯರ್ ಗದ್ದಲವನ್ನು 60ಕ್ಕೆ ಇಳಿಸಿದರೆ, ಹಾಡಿಗೆ 70 ಡೆಸಿಬೆಲ್ ಸಾಕು. ಆಗ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಒಂದು ಷರತ್ತು: ಬಿರಡೆ ಕೂರಿಸಿದ ಮೇಲೆ ವಾಲ್ಯೂಮ್ ಇಳಿಸಬೇಕು. ಇಳಿಸದಿದ್ದರೆ ಇನ್-ಇಯರ್ ಇನ್ನೂ ಅಪಾಯಕಾರಿ. ಎರಡು ಘನ ಸೆಂಟಿಮೀಟರಿನ ಕೋಣೆಯಲ್ಲಿ 100 ಡೆಸಿಬೆಲ್ ಮುಟ್ಟುವುದು ಯಾವ ಫೋನಿಗೂ ಕಷ್ಟವಲ್ಲ.

ಈ ಲೆಕ್ಕ ತಪ್ಪಿದರೆ ಆಗುವುದೇನು? ಒಳಗಿವಿಯ ಶಂಖದಲ್ಲಿ ಧ್ವನಿಯನ್ನು ನರಸಂಕೇತವಾಗಿ ಬದಲಿಸುವ ರೋಮಕೋಶಗಳು ಸುಮಾರು ಹದಿನೈದು ಸಾವಿರ ಇವೆ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಗದ್ದಲದ ಏಟು ಮೊದಲು ಬೀಳುವುದು 4000 ಹರ್ಟ್ಸ್‌ನ ಆಸುಪಾಸಿನಲ್ಲಿ. ಮಾತು ಕೇಳುತ್ತದೆ, ಆದರೆ 'ಸ', 'ಶ', 'ತ', 'ಕ'ಗಳ ವ್ಯತ್ಯಾಸ ಮಸುಕಾಗುತ್ತದೆ. ನೋವಿಲ್ಲದ್ದರಿಂದ ತಡವಾಗಿಯೇ ಗೊತ್ತಾಗುತ್ತದೆ.

ಬಳಸುವ ಬಗೆ

ಇನ್-ಇಯರ್ ಜೊತೆ ಬರುವ ಮೂರು ನಾಲ್ಕು ಅಳತೆಯ ಬಿರಡೆಗಳನ್ನು ಎಸೆಯಬೇಡಿ; ಎಲ್ಲವನ್ನೂ ಹಾಕಿ ನೋಡಿ. ಎಡಕಿವಿ, ಬಲಕಿವಿಗಳ ಅಳತೆ ಬೇರೆಯಾಗಿರುವುದು ಸಾಮಾನ್ಯ. ಕಿವಿಯ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ತುಸು ಮೇಲಕ್ಕೆ, ಹಿಂದಕ್ಕೆ ಎಳೆದು ಕೂರಿಸಿದರೆ ನಾಳ ನೆಟ್ಟಗಾಗಿ ಬಿರಡೆ ಸರಿಯಾಗಿ ಕೂರುತ್ತದೆ. ನಿಮ್ಮ ಕಿವಿಯ ಅಚ್ಚು ತೆಗೆದು ಮಾಡುವ ಬಿರಡೆಗಳೂ ಉಂಟು. ಶ್ರವಣ ಸಾಧನಕ್ಕಾಗಿ ಇಂಥ ಅಚ್ಚು ತೆಗೆಯುವುದು ಶ್ರವಣತಜ್ಞರ ನಿತ್ಯದ ಕೆಲಸ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆ ವಿದ್ಯೆಯನ್ನು ಕಲಿಸುತ್ತಾರೆ. ಮನೆಯಲ್ಲಿ ಅಂಟು, ಮೇಣ ಸುರಿದು ಅಚ್ಚು ತೆಗೆಯುವ ಸಾಹಸ ಸಲ್ಲದು.

ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಭಾಗದಲ್ಲಿ ಬಿರಡೆಯ ಹಿಂದೆ ಬೆವರು ನಿಲ್ಲುತ್ತದೆ. ಅಲ್ಲಿ ಶಿಲೀಂಧ್ರ ಬೆಳೆಯಬಹುದು. ತಾಸಿಗೊಮ್ಮೆ ತೆಗೆದು ಗಾಳಿಯಾಡಲು ಬಿಡಿ. ಬಿರಡೆಯನ್ನು ಕಳಚಿ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಂದು ಕಡೆಯ ಧ್ವನಿ ಕುಗ್ಗಿದರೆ ಮೊದಲು ಜಾಲರಿಗೆ ಗುಗ್ಗೆ ಮೆತ್ತಿದೆಯೇ ನೋಡಿ. ಇನ್ನೊಬ್ಬರ ಇಯರ್‌ಫೋನ್ ಹಾಕಿಕೊಳ್ಳಬೇಡಿ.

ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ದುಡಿಯುವವರಿಗೆ ಒಂದು ಮಾತು: ಇನ್-ಇಯರ್ ಗದ್ದಲ ತಡೆಯುತ್ತದೆಂದು ಅದನ್ನೇ ಕಿವಿರಕ್ಷೆಯಾಗಿ ಬಳಸಬಾರದು. ಅದು ಪರೀಕ್ಷಿಸಿ ಪ್ರಮಾಣೀಕರಿಸಿದ ರಕ್ಷಾ ಸಾಧನವಲ್ಲ. ಹಾಡಿನ ಶಕ್ತಿ ಯಂತ್ರದ ಶಕ್ತಿಗೆ ಕೂಡಿಕೊಳ್ಳುತ್ತದೆ. ಎಚ್ಚರಿಕೆಯ ಗಂಟೆ ಕೇಳುವುದಿಲ್ಲ. ರಸ್ತೆ ದಾಟುವಾಗ, ಬೈಕ್ ಓಡಿಸುವಾಗ, ರೈಲು ಹಳಿಯ ಬಳಿಯಲ್ಲಿ ಎರಡೂ ಕಿವಿ ತೆರೆದಿರಲಿ.

ಕೊನೆಯದಾಗಿ, ಕೊಳ್ಳುವ ಮೊದಲು ಮಾಡಬೇಕಾದ ಒಂದು ಪ್ರಯೋಗ. ನಿಶ್ಶಬ್ದವಾದ ಕೋಣೆಯಲ್ಲಿ ಹಾಡು ಹಿತವಾಗಿ ಕೇಳುವಷ್ಟಕ್ಕೆ ವಾಲ್ಯೂಮ್ ಇಟ್ಟು ಅದರ ಅಂಕಿಯನ್ನು ಬರೆದುಕೊಳ್ಳಿ. ಅದೇ ಹಾಡನ್ನು ಗದ್ದಲದ ನಡುವೆ ಕೇಳುವಾಗ ಅಂಕಿಯನ್ನು ಎಷ್ಟು ಏರಿಸಬೇಕಾಯಿತು ನೋಡಿ. ಏರಿಕೆ ಕಡಿಮೆ ಇದ್ದಷ್ಟೂ ಆ ಇಯರ್‌ಫೋನ್ ನಿಮ್ಮ ಕಿವಿಗೆ ಚೆನ್ನಾಗಿ ಹೊಂದಿದೆ ಎಂದರ್ಥ. ಹಾಗೆಯೇ, ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ವಾಲ್ಯೂಮ್ ಹೆಚ್ಚಾಗಿತ್ತೆಂದೇ ತಿಳಿಯಿರಿ. ಆ ಸದ್ದು ಮರುದಿನವೂ ನಿಲ್ಲದಿದ್ದರೆ ಕಿವಿ ವೈದ್ಯರನ್ನು ಕಾಣಿ. ಇಯರ್‌ಫೋನ್ ಹಾಳಾದರೆ ಇನ್ನೊಂದನ್ನು ಕೊಳ್ಳಬಹುದು, ರೋಮಕೋಶಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ.