ಸ್ವಾಗತ ಸಮಾರಂಭ ಮುಗಿದ ಮೇಲೆ

ಕಾಲೇಜಿಗೆ ಹೊಸದಾಗಿ ಬಂದವರನ್ನು ಬರಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ನಿಯಮಗಳ ಕೊರತೆಯಿಲ್ಲ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲೇ ನಿಯಮಾವಳಿ ತಂದಿತು, 2019ರಲ್ಲಿ ‘ದೀಕ್ಷಾರಂಭ’ ಮಾರ್ಗದರ್ಶಿಯನ್ನೂ ಹೊರಡಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇ ಮೂರು ವಾರಗಳ ಇಂಡಕ್ಷನ್ ಗೊತ್ತುಮಾಡಿದೆ. ಇವೆಲ್ಲ ಬೇಕು. ಆದರೆ ‘ಇದು ನನ್ನ ಕಾಲೇಜು’ ಎಂಬ ಭಾವನೆಗೆ ನಿಜವಾದ ಪರೀಕ್ಷೆ ಎದುರಾಗುವುದು ಸ್ವಾಗತದ ದಿನವಲ್ಲ, ಮೊದಲ ಇಂಟರ್ನಲ್ಸ್ ಅಂಕಗಳು ಕೈಗೆ ಬಂದ ದಿನ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಸೇರಿದ ಹುಡುಗಿಗೆ ಇಪ್ಪತ್ತಕ್ಕೆ ಆರು ಬಂದರೆ, ಪಾಠ ಅರ್ಥವಾಗಲಿಲ್ಲ ಎಂದಷ್ಟೇ ಅವಳಿಗೆ ಅನ್ನಿಸುವುದಿಲ್ಲ. ನಾನು ಇಲ್ಲಿಗೆ ಬರಲೇಬಾರದಿತ್ತು ಅನ್ನಿಸುತ್ತದೆ.

ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹಿಡಿದದ್ದು ಈ ಗಳಿಗೆಯನ್ನೇ. ಮೊದಲ ವರ್ಷ ಪರಕೀಯರಂತೆ ಅನ್ನಿಸುವುದು ಸಹಜ, ಬರಬರುತ್ತ ಅದು ಕಡಿಮೆಯಾಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಮಾತುಗಳನ್ನು ಅಮೆರಿಕದ ಹೊಸ ವಿದ್ಯಾರ್ಥಿಗಳಿಗೆ ಓದಿಸಿ, ಆ ಬಗ್ಗೆ ಅವರಿಂದಲೇ ಬರೆಸಿದರು. ಸುಮಾರು ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷ ಕಪ್ಪು ವಿದ್ಯಾರ್ಥಿಗಳ ಅಂಕ ಏರುತ್ತ ಹೋಗಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕಿಳಿಯಿತು. ಹಾಗಾದರೆ ನಾಲ್ಕು ಒಳ್ಳೆಯ ಮಾತೇ ಸಾಕೇ? ಸಾಲದು. 22 ಸಂಸ್ಥೆಗಳ ಸುಮಾರು 27 ಸಾವಿರ ವಿದ್ಯಾರ್ಥಿಗಳೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಬೆರೆಯುವುದಕ್ಕೆ ನಿಜವಾಗಿಯೂ ಅವಕಾಶವಿದ್ದ ಕಡೆ ಮಾತ್ರ ಈ ಮಾತು ಫಲ ಕೊಟ್ಟಿತು. ನನಗೆ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆ ಅವಕಾಶ ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡಬೇಕು. ಹಾಜರಿ ಕೂಗುವುದು ರೋಲ್ ನಂಬರಿನಲ್ಲಿ. ಸೆಮಿಸ್ಟರ್ ಮುಗಿದರೂ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನಾಟಕದ ತಾಲೀಮು ತರಗತಿ ಮುಗಿದ ಮೇಲೆ. ಹಳ್ಳಿಯಿಂದ ಬರುವವರಿಗೆ ಆ ಹೊತ್ತಿಗೆ ಬಸ್ಸು ಹಿಡಿಯುವ ಚಿಂತೆ. ಕನ್ನಡದಲ್ಲಿ ಪ್ರಶ್ನೆ ಕೇಳಬಹುದೆಂದು ಮೊದಲ ದಿನವೇ ಹೇಳುವವರೂ ಅಪರೂಪ. ವಯಸ್ಸಿಗೆ ಬಂದ ಮಕ್ಕಳನ್ನು ಹೀಗೆ ಮುದ್ದು ಮಾಡಬೇಕೇ, ಕಷ್ಟಪಟ್ಟೇ ಗಟ್ಟಿಯಾಗಲಿ ಎನ್ನುವವರಿದ್ದಾರೆ. ಪಾಠ ಕಷ್ಟವಾಗಿಯೇ ಇರಲಿ, ಅಂಕವನ್ನು ಬಿಗಿಯಾಗಿಯೇ ಕೊಡಲಿ. ಬಸ್ಸಿನ ವೇಳೆಯ ಕಾರಣಕ್ಕೆ ತಂಡದಿಂದ ಹೊರಗುಳಿದವಳು ಅದರಿಂದ ಯಾವ ಗಟ್ಟಿತನವನ್ನೂ ಕಲಿಯುವುದಿಲ್ಲ. ನೂರು ಜನರ ತರಗತಿಯಲ್ಲಿ ಹೆಸರು ನೆನಪಿಡುವುದು ಹೇಗೆ ಎಂಬ ಅಧ್ಯಾಪಕರ ಆಕ್ಷೇಪ ಮಾತ್ರ ನ್ಯಾಯವಾದದ್ದು. ಮುಂದಿನ ವರ್ಷ ತಮ್ಮ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ಹೆಗಲಿಗೆ ಇದನ್ನೂ ಹೊರಿಸುವುದು ಅನ್ಯಾಯ. ಕಾಯಂ ನೇಮಕಾತಿಯ ಹೊಣೆ ಸರ್ಕಾರದ್ದು, ಅದನ್ನು ಪಟ್ಟು ಹಿಡಿದು ಕೇಳಬೇಕು. ತಾಲೀಮಿನ ಹೊತ್ತನ್ನು ವೇಳಾಪಟ್ಟಿಯೊಳಕ್ಕೆ ತರುವುದಕ್ಕೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಈ ಸೆಮಿಸ್ಟರಿನಲ್ಲೇ ಆಗುತ್ತದೆ.