ಮೊದಲ ವಿಸ್ಕಿಯ ಆಯ್ಕೆ

ವಿಸ್ಕಿಯನ್ನು ಕುಡಿಯಿರೆಂದು ನಾವು ಯಾರಿಗೂ ಹೇಳುವವರಲ್ಲ; ಕೊಳ್ಳಬಯಸುವ ಪ್ರಾಪ್ತವಯಸ್ಕರು ಬೆಲೆಗೆ ಮರುಳಾಗದೆ ಸೀಸೆಯ ಚೀಟಿಯನ್ನು ಓದಲೆಂಬುದಷ್ಟೇ ನಮ್ಮ ಬಿನ್ನಹ. ಸ್ಕಾಟ್ಲೆಂಡಿನ ವಿಸ್ಕಿಯು ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ೩ ವರ್ಷ ಮಾಗಿರತಕ್ಕದ್ದೆಂದು ಅಲ್ಲಿಯ ಕಾಯಿದೆಯುಂಟು. ‘ಸಿಂಗಲ್ ಮಾಲ್ಟ್’ ಎಂದರೆ ಒಂದೇ ಭಟ್ಟಿಮನೆಯಲ್ಲಿ, ಮೊಳೆಸಿದ ಜವೆಗೋಧಿಯಿಂದಲೇ ಇಳಿಸಿದುದು. ಅಲ್ಲಿಯ ಐಲಾ ದ್ವೀಪದ ವಿಸ್ಕಿಗಳಲ್ಲಿ ಅನೇಕವು ಹೊಗೆಯ ಘಾಟುಳ್ಳವಾದ್ದರಿಂದ ಹೊಸಬರಿಗೆ ಸುಲಭವಾಗಿ ಒಗ್ಗಲಾರವು. ಮೂರು ಸಲ ಭಟ್ಟಿಯಿಳಿಸಿದ ಐರ್ಲೆಂಡಿನವು ಮೃದುವಾಗಿರುವುವು.

ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಸಾಮಾನ್ಯವಾಗಿ ಕಬ್ಬಿನ ಕಾಕಂಬಿಯ ಮದ್ಯಸಾರವು ಬೆರೆತಿರುವುದು. ಆದರೆ ಬೆಂಗಳೂರಿನ ‘ಅಮೃತ್’ ಸಂಸ್ಥೆಯವರ ಸಿಂಗಲ್ ಮಾಲ್ಟ್ ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆಯಾಯಿತು.

ಮೊದಲ ಸಲ ೩೦ ಮಿಲಿಲೀಟರಿಗೆ ಅಷ್ಟೇ ನೀರು ಬೆರೆಸಿದರೆ ಸಾಕು. ರುಚಿಸದಿದ್ದರೆ ಲೋಟವನ್ನು ಕೆಳಗಿಡಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಬೇಡವೆಂದವರನ್ನು ಒತ್ತಾಯಿಸುವುದೇ ಮರ್ಯಾದೆಗೇಡು.